ಜಪಾನೀ ಕಲಿಕೆಯ ಮುಕ್ತ ಸಾಧನ ಮತ್ತು ಕನ್ನಡದ ಹೊಣೆ

ಪರಭಾಷೆಯೊಂದನ್ನು ತನ್ನ ನುಡಿಯ ಮೂಲಕ ಕಲಿಯುವುದಕ್ಕೂ ಮೂರನೆಯ ನುಡಿಯನ್ನು ಮಧ್ಯವರ್ತಿಯಾಗಿಟ್ಟುಕೊಂಡು ಕಲಿಯುವುದಕ್ಕೂ ಅಂತರವುಂಟು. ಜಪಾನೀ ಭಾಷೆಯಲ್ಲಿ ‘ಮೊಮಿ’ ಎಂದರೆ ಭತ್ತ, ‘ಕೊಮೆ’ ಎಂದರೆ ಅಕ್ಕಿ, ‘ಗೊಹಾನ್’ ಎಂದರೆ ಅನ್ನ. ಇಂಗ್ಲಿಷಿನಲ್ಲಿ ಮೂರಕ್ಕೂ ಸಾಮಾನ್ಯವಾಗಿ ‘ರೈಸ್’ ಎಂಬುದೇ ಆಧಾರಪದ. ಭೇದವನ್ನು ಹೆಚ್ಚಾಗಿ ವಿಶೇಷಣಗಳಿಂದ ಸೂಚಿಸುತ್ತಾರೆ. ‘ಅನಿ’, ‘ಒತೋತೊ’, ‘ಅನೆ’, ‘ಇಮೋತೊ’ ಎಂಬ ನಾಲ್ಕು ಶಬ್ದಗಳಿಗೆ ನಮ್ಮಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕು ಶಬ್ದಗಳು ಸಿದ್ಧವಾಗಿವೆ. ಹೀಗಿದ್ದರೂ, ಹೈದರಾಬಾದಿನಲ್ಲಿ ನೆಲೆಸಿ ಜಪಾನೀ ಕಲಿಯ ಹೊರಟ ಕನ್ನಡಿಗ ತರುಣನಿಗೆ ಕೈಯ ಮೊಬೈಲಿನಲ್ಲಿ ದೊರೆಯುವ ಆ್ಯಪ್‌ಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಬೋಧಿಸುತ್ತವೆ. ಕನ್ನಡದಲ್ಲಿ ಬೋಧಿಸುವ ಮುಕ್ತ ಆ್ಯಪೊಂದನ್ನು ಕಟ್ಟಲು ಯಾವ ಸಾಮಗ್ರಿ ಸಿದ್ಧವಿದೆ, ಯಾವುದು ನಮ್ಮ ಪಾಲಿಗೆ ಉಳಿದಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

‘ಉಚಿತ’ ಮತ್ತು ‘ಮುಕ್ತ’ ಎಂಬಿವು ಸಮಾನಾರ್ಥಕಗಳಲ್ಲ. ಬೆಲೆಯಿಲ್ಲದೆ ದೊರೆಯುವುದು ಉಚಿತ. ಯಾರು ಬೇಕಾದರೂ ಮೂಲಸಂಕೇತವನ್ನು ಓದಿ, ತಿದ್ದಿ, ತಿದ್ದಿದ್ದನ್ನು ಮತ್ತೊಬ್ಬರಿಗೆ ಹಂಚಬಹುದಾದದ್ದು ಮುಕ್ತ. ಉಚಿತವಾದ ಆ್ಯಪಿಗೆ ಕನ್ನಡವನ್ನು ಸೇರಿಸಬೇಕಾದರೆ ಒಡೆಯನ ಅನುಮತಿಯನ್ನು ಬೇಡಬೇಕು. ಮುಕ್ತವಾದದ್ದಕ್ಕೆ ನಾವೇ ಸೇರಿಸಬಹುದು.

ಇಂಥ ಮುಕ್ತ ಸಾಮಗ್ರಿ ಹೇರಳವಾಗಿದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಜಿಮ್ ಬ್ರೀನ್ ಅವರು ೧೯೯೧ರಲ್ಲಿ ಆರಂಭಿಸಿದ ‘ಎಡಿಕ್ಟ್’ ಎಂಬ ಜಪಾನೀ–ಇಂಗ್ಲಿಷ್ ಶಬ್ದಪಟ್ಟಿಯು ಬೆಳೆದು ‘ಜೆಎಂಡಿಕ್ಟ್’ ಎಂಬ ಬೃಹತ್ ಕೋಶವಾಯಿತು. ಅದರಲ್ಲಿ ಜರ್ಮನ್, ಫ್ರೆಂಚ್, ರಷ್ಯನ್ ಮುಂತಾದ ಭಾಷೆಗಳ ಅರ್ಥಗಳೂ ಸೇರಿವೆ, ಕನ್ನಡವಿಲ್ಲ. ಕಾಂಜಿ ಎಂಬ ಚೀನೀಮೂಲದ ಅಕ್ಷರಗಳನ್ನು ಯಾವ ಗೆರೆಯ ಅನಂತರ ಯಾವ ಗೆರೆಯಂತೆ ಬರೆಯಬೇಕೆಂಬುದನ್ನು ಉಲ್ರಿಚ್ ಆಪೆಲ್ ಅವರ ‘ಕಾಂಜಿವಿಜಿ’ ಒದಗಿಸುತ್ತದೆ. ಸಾಮಾನ್ಯ ಬಳಕೆಗೆಂದು ಜಪಾನ್ ಸರಕಾರವು ೨೦೧೦ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ ೨೧೩೬ ಕಾಂಜಿಗಳಿರುವುದರಿಂದ ಇದರ ಪ್ರಯೋಜನ ಅಲ್ಪವಲ್ಲ. ಕಲಿತದ್ದು ಮರೆಯುವ ಮುನ್ನವೇ, ಕ್ರಮೇಣ ಹಿಗ್ಗುವ ಅಂತರಗಳಲ್ಲಿ ಅದನ್ನು ಮತ್ತೆ ಕೇಳುವ ವ್ಯವಸ್ಥೆ ೨೦೦೬ರಲ್ಲಿ ಹೊರಬಂದ ‘ಆಂಕಿ’ ಎಂಬ ಮುಕ್ತ ತಂತ್ರಾಂಶದಲ್ಲಿದೆ.

ಕನ್ನಡದ ಕಡೆಯಲ್ಲಿ, ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಕಿಯಾಗಿ ದುಡಿದು ರಚಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ಕೋಶವು ೨೦೧೯ರಲ್ಲಿ ಮುಕ್ತ ಪರವಾನಗಿಯಡಿ ಪ್ರಕಟವಾಯಿತು. ಎರಡು ಕೋಶಗಳನ್ನೂ ಇಂಗ್ಲಿಷಿನ ಕೊಂಡಿಯಿಂದ ಯಂತ್ರವೇ ಬೆಸೆದುಬಿಡಲಿ ಎಂಬ ಆಸೆ ಸಹಜ. ಆದರೆ ಅಪಾಯವಿರುವುದೂ ಇಲ್ಲಿಯೇ. ‘ಕೊಮೆ’ಯಿಂದ ‘ರೈಸ್’ಗೆ ಹೋಗಿ ಮರಳುವಾಗ ಯಂತ್ರವು ಅಕ್ಕಿಯನ್ನು ತಂದೀತು, ಅನ್ನವನ್ನೂ ತಂದೀತು. ಯಂತ್ರವು ಸೂಚಿಸಲಿ, ಆಯುವವನು ಮನುಷ್ಯನಾಗಿರಲಿ.

ಈ ವಿವೇಕಕ್ಕೆ ನಮ್ಮ ನಗರದಲ್ಲಿಯೇ ಪೂರ್ವನಿದರ್ಶನವುಂಟು. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ, ೧೯೯೦ರ ದಶಕದಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ಮುಂದುವರಿದ ‘ಅನುಸಾರಕ’ ಯೋಜನೆಯು ಕನ್ನಡ, ತೆಲುಗು, ಮರಾಠಿ ಮೊದಲಾದ ಭಾಷೆಗಳ ಪಠ್ಯವನ್ನು ಹಿಂದಿಯ ಓದುಗನಿಗೆ ಮುಟ್ಟಿಸಲೆತ್ನಿಸಿತು. ಕೋಶ ಮತ್ತು ವ್ಯಾಕರಣಗಳ ಭಾರ ಯಂತ್ರಕ್ಕೆ, ಸಂದರ್ಭವನ್ನರಿತು ಅರ್ಥೈಸುವ ಭಾರ ಓದುಗನಿಗೆ ಎಂಬುದು ಅದರ ತತ್ತ್ವ. ಆ ತಂತ್ರಾಂಶವೂ ಮುಕ್ತವಾಗಿಯೇ ಹೊರಬಂದಿತು.

ಶಬ್ದಗಳಷ್ಟೇ ಅಲ್ಲದೆ, ಬೋಧನೆಯ ಕ್ರಮದಲ್ಲಿಯೂ ಕನ್ನಡಕ್ಕೆ ಅನುಕೂಲವುಂಟು. ಜಪಾನೀ ಕಾನ ಲಿಪಿಗಳ ಸ್ವರಕ್ರಮ ಅ, ಇ, ಉ, ಎ, ಒ; ವ್ಯಂಜನಕ್ರಮ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧರ ಸಂಸ್ಕೃತಾಧ್ಯಯನದ ಮೂಲಕ ಭಾರತೀಯ ವರ್ಣಮಾಲೆಯ ಪ್ರಭಾವದಿಂದ ಈ ಕ್ರಮ ರೂಪುಗೊಂಡಿತು. ಇಂದಿನ ‘ಸ’ಕಾರವು ಹಿಂದೆ ಚಕಾರಸದೃಶವಾಗಿದ್ದು, ‘ಹ’ಕಾರವು ಪಕಾರವಾಗಿತ್ತೆಂದು ವಿದ್ವಾಂಸರು ಊಹಿಸುತ್ತಾರೆ. ಹಾಗೆ ಓದಿದರೆ ನಮ್ಮ ವರ್ಗಗಳ ಕ್ರಮವೇ ಕಾಣಿಸುತ್ತದೆ. ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದು ಎರಡು ಭಾಷೆಗಳಿಗೂ ಸಮಾನ. ‘ತಬೆತೆ ಮಿರು’ ಎಂಬುದನ್ನು ಪದಕ್ಕೆ ಪದವಿಟ್ಟರೆ ‘ತಿಂದು ನೋಡು’ ಎಂದಾಗುತ್ತದೆ. ಪ್ರಯತ್ನಿಸು ಎಂಬ ಧ್ವನಿಯೂ ಅದೇ. ಇದರಿಂದ ಎರಡು ಭಾಷೆಗಳು ಒಂದೇ ಕುಲದವೆಂದು ಸಿದ್ಧವಾಗುವುದಿಲ್ಲ. ಬೋಧಕನಿಗೆ ಸುಗಮವಾದ ದಾರಿಯೊಂದು ಸಿದ್ಧವಾಗುತ್ತದೆ, ಅಷ್ಟೇ.

ಆರಂಭವು ಸಣ್ಣದಾಗಿರಬಹುದು: ಬಂಧುವಾಚಕಗಳು, ಆಹಾರ, ಮನೆಬಳಕೆಯ ಕ್ರಿಯಾಪದಗಳು ಸೇರಿ ಐನೂರು ಶಬ್ದಗಳು. ಪ್ರತಿ ಅರ್ಥವನ್ನೂ ಜಪಾನೀ ಬಲ್ಲವರೊಬ್ಬರು, ಕನ್ನಡ ಬಲ್ಲವರೊಬ್ಬರು ನೋಡಬೇಕು. ಜೆಎಂಡಿಕ್ಟ್ ಮತ್ತು ಅಲರ್‌ಗಳ ಪರವಾನಗಿಗಳು ಬೇರೆ ಬೇರೆಯಾದುದರಿಂದ ಅವುಗಳ ಸಾಮಗ್ರಿಯನ್ನು ಪ್ರತ್ಯೇಕವಾಗಿರಿಸಿ, ಮೂಲಕರ್ತರನ್ನು ಸ್ಮರಿಸಿ, ನಮ್ಮ ಫಲವನ್ನೂ ಮುಕ್ತವಾಗಿಯೇ ನೀಡಬೇಕು. ಆಗ ನೆರೆಯ ತೆಲುಗರು ಭತ್ತ, ಅಕ್ಕಿ, ಅನ್ನಗಳ ಸ್ಥಾನದಲ್ಲಿ ವಡ್ಲು, ಬಿಯ್ಯಂ, ಅನ್ನಂ ಎಂದಿರಿಸಿ ತಮ್ಮ ಆ್ಯಪನ್ನು ಕಟ್ಟಿಕೊಳ್ಳಬಹುದು.

ಹೊರನಾಡಿನಲ್ಲಿ ನಾವು ಕನ್ನಡವನ್ನು ಕಲಿಸುವ ಚಿಂತೆಯನ್ನು ಬಹುಕಾಲದಿಂದ ಮಾಡುತ್ತಿದ್ದೇವೆ. ಕನ್ನಡದಿಂದ ಮತ್ತೊಂದನ್ನು ಕಲಿಯುವ ಉಪಾಯವನ್ನೂ ಮಾಡದಿದ್ದರೆ, ನಮ್ಮ ಮಕ್ಕಳ ಪಾಲಿಗೆ ಅದು ಮನೆಯೊಳಗಿನ ಮಾತಾಗಿ ಮಾತ್ರ ಉಳಿದೀತು.