ಬಹುಕಾಲ ನಿಲ್ಲಿಸಿದ ಮೋಟಾರ್ ಸೈಕಲ್: ಕಾರ್ಬುರೇಟರಿನ ದೋಷಗಳು ಮತ್ತು ಪರಿಹಾರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳು ಇಂದಿಗೂ ರಾಜ್ಯದ ಹಳ್ಳಿಗಳಲ್ಲಿ ಅಲ್ಲಲ್ಲಿ ಬಳಕೆಯಲ್ಲಿವೆ. ಇಂಥ ಹಳೆಯ ಗಾಡಿಯನ್ನು ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿ, ಸುಗ್ಗಿಯ ವೇಳೆಗೆ ಹೊರತೆಗೆದಾಗ ಅದು ಸ್ಟಾರ್ಟ್ ಆಗದಿರುವುದು ಸಾಮಾನ್ಯ. ಎಂಜಿನ್ನೇ ಕೆಟ್ಟಿತೆಂದು ಬಗೆದು ಬಿಚ್ಚಿಸುವವರುಂಟು, ಗುಜರಿಗೆ ಹಾಕುವವರೂ ಉಂಟು. ಆದರೆ ಇಂಥ ಸಂದರ್ಭದಲ್ಲಿ ಹೆಚ್ಚಾಗಿ ದೋಷವಿರುವುದು ಕಾರ್ಬುರೇಟರಿನಲ್ಲಿ. ತಾಳ್ಮೆಯಿಂದ ಕೆಲಸ ಮಾಡಿದರೆ ರೈತರು ಇದನ್ನು ಮನೆಯಲ್ಲಿಯೇ ಸರಿಪಡಿಸಬಹುದು.

ದೋಷಕ್ಕೆ ಕಾರಣ

ಕಾರ್ಬುರೇಟರಿನ ಕೆಳಭಾಗದ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಸದಾ ನಿಂತಿರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಾಗ ಪೆಟ್ರೋಲ್ ಆವಿಯಾಗಿ, ಅಂಟಿನಂಥ ಮಡ್ಡಿ ಉಳಿಯುತ್ತದೆ. ಜಾವಾ, ಯೆಜ್ಡಿ, ರಾಜದೂತ್ ಮುಂತಾದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವುದರಿಂದ ಈ ಮಡ್ಡಿ ಇನ್ನೂ ಹೆಚ್ಚು. ಇದು ಜೆಟ್‌ಗಳ ಕೂದಲೆಳೆಯಂಥ ರಂಧ್ರಗಳನ್ನು ಮುಚ್ಚುತ್ತದೆ.

ಈಗಿನ ಪೆಟ್ರೋಲಿನಲ್ಲಿ ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಕಬ್ಬು ಮತ್ತು ಧಾನ್ಯಗಳಿಂದ ತಯಾರಿಸುವ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ 2025ರಲ್ಲಿ ಶೇ. 20ಕ್ಕೆ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿಮೀರಿದರೆ ನೀರು ಮತ್ತು ಎಥನಾಲ್ ಒಂದಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇದರಿಂದ ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ಕಾರ್ಬುರೇಟರಿನ ಲೋಹದ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಹಳೆಯ ರಬ್ಬರ್ ಭಾಗಗಳು ಉಬ್ಬುತ್ತವೆ ಇಲ್ಲವೆ ಬಿರಿಯುತ್ತವೆ.

ಮೊದಲು ನೋಡಬೇಕಾದ್ದು

ಕಾರ್ಬುರೇಟರ್ ಬಿಚ್ಚುವ ಮುನ್ನ ಸ್ಪಾರ್ಕ್ ಪ್ಲಗ್ ತೆಗೆದು ನೋಡಬೇಕು. ಹಲವು ಬಾರಿ ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಎಂಜಿನ್ನಿಗೆ ತಲುಪುತ್ತಿಲ್ಲ ಎಂದರ್ಥ. ಪ್ಲಗ್ ನೆನೆದಿದ್ದರೆ ಪೆಟ್ರೋಲ್ ಅತಿಯಾಗಿದೆ, ಇಲ್ಲವೆ ಕಿಡಿ ಬರುತ್ತಿಲ್ಲ. ಏರ್ ಫಿಲ್ಟರ್ ಮತ್ತು ಸೈಲೆನ್ಸರಿನ ಬಾಯಿಯಲ್ಲಿ ಕಣಜದ ಹುಳು ಗೂಡು ಕಟ್ಟಿರುವುದುಂಟು, ಅದನ್ನೂ ಪರೀಕ್ಷಿಸಬೇಕು. ಇತರ ಲಕ್ಷಣಗಳು ಹೀಗಿವೆ:

1. ಚೋಕ್ ಹಾಕಿದರೆ ಮಾತ್ರ ಓಡುವುದು, ಆಕ್ಸಿಲರೇಟರ್ ಬಿಟ್ಟೊಡನೆ ನಿಲ್ಲುವುದು: ಪೈಲಟ್ ಜೆಟ್ ಕಟ್ಟಿದೆ.
2. ನಿಧಾನವಾಗಿ ಓಡಿ, ಆಕ್ಸಿಲರೇಟರ್ ಹೆಚ್ಚಿಸಿದೊಡನೆ ಸೊರಗುವುದು: ಮೇನ್ ಜೆಟ್ ಕಟ್ಟಿದೆ, ಇಲ್ಲವೆ ಪೆಟ್ರೋಲ್ ಸಾಕಷ್ಟು ಹರಿಯುತ್ತಿಲ್ಲ.
3. ಪೆಟ್ರೋಲ್ ಹೊರಚೆಲ್ಲುವುದು: ಫ್ಲೋಟಿನ ಮುಳ್ಳಿನ ಬಳಿ ಕಸ ಸಿಕ್ಕಿದೆ, ಇಲ್ಲವೆ ಫ್ಲೋಟ್ ತೂತಾಗಿದೆ.
4. ಸ್ವಲ್ಪ ದೂರ ಓಡಿ ನಿಲ್ಲುವುದು: ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಅಥವಾ ಪೆಟ್ರೋಲ್ ಕಾಕಿನ ಜಾಲರಿ ಮುಚ್ಚಿದೆ. ಮುಚ್ಚಳ ಸಡಿಲಿಸಿದಾಗ ಗಾಡಿ ಓಡಿದರೆ ದೋಷ ಗಾಳಿರಂಧ್ರದ್ದೇ.

ಸ್ವಚ್ಛಗೊಳಿಸುವ ಕ್ರಮ

ಈ ಕೆಲಸವನ್ನು ಬಯಲಿನಲ್ಲಿ, ಒಲೆ, ದೀಪ, ಬೀಡಿಗಳಿಂದ ದೂರದಲ್ಲಿ ಮಾಡಬೇಕು. ಹಳೆಯ ಪೆಟ್ರೋಲನ್ನು ಡಬ್ಬಿಗೆ ಇಳಿಸಬೇಕು. ಅದನ್ನು ಚರಂಡಿಗಾಗಲಿ, ಬಾವಿಯ ಹತ್ತಿರವಾಗಲಿ ಚೆಲ್ಲಬಾರದು.

ಟ್ಯಾಂಕಿನ ಒಳಗೆ ತುಕ್ಕಿದ್ದರೆ ಮೊದಲು ಅದನ್ನು ತೊಳೆಯಬೇಕು. ಟ್ಯಾಂಕನ್ನು ಗಾಡಿಯಿಂದ ಬಿಡಿಸಿ, ಸೀಮೆಎಣ್ಣೆಯೊಂದಿಗೆ ಎಣಿಸಿದ ಸಣ್ಣ ಕಲ್ಲುಗಳನ್ನು ಹಾಕಿ ಅಲುಗಾಡಿಸಿ, ಕಲ್ಲುಗಳನ್ನು ಪುನಃ ಎಣಿಸಿ ಹೊರತೆಗೆದು, ಕೊನೆಗೆ ಪೆಟ್ರೋಲಿನಿಂದ ಜಾಲಿಸಬೇಕು. ಟ್ಯಾಂಕ್ ಕೊಳಕಾಗಿದ್ದರೆ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ವ್ಯರ್ಥ.

ಕಾರ್ಬುರೇಟರನ್ನು ಬಿಳಿ ಬಟ್ಟೆಯ ಮೇಲಿಟ್ಟು ಬಿಚ್ಚಬೇಕು. ಏರ್ ಸ್ಕ್ರೂವನ್ನು ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದುಕೊಂಡು ನಂತರ ತೆಗೆಯಬೇಕು. ಸೂಜಿಯ ಕ್ಲಿಪ್ ಎಷ್ಟನೆಯ ಗೆರೆಯಲ್ಲಿದೆ ಎಂಬುದನ್ನೂ ಗುರುತಿಸಿಕೊಳ್ಳಬೇಕು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಅದನ್ನು ಬದಲಾಯಿಸಬೇಕು.

ಹಿತ್ತಾಳೆಯ ಜೆಟ್‌ಗಳನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿಡಬೇಕು. ಅದು ದೊರೆಯದಿದ್ದಲ್ಲಿ ಹೊಸ ಪೆಟ್ರೋಲಿನಲ್ಲಿ ಒಂದು ರಾತ್ರಿ ಇಡಬಹುದು. ರಬ್ಬರ್ ಭಾಗಗಳನ್ನು ಇದರಲ್ಲಿ ಹಾಕಬಾರದು. ಬಳಿಕ ಜೆಟ್ ಮತ್ತು ಕಾರ್ಬುರೇಟರಿನ ಎಲ್ಲಾ ರಂಧ್ರಗಳಿಗೆ ಪಂಪಿನಿಂದ ಗಾಳಿ ಹೊಡೆಯಬೇಕು. ಆಗ ಕಣ್ಣಿಗೆ ಕನ್ನಡಕವಿರಲಿ. ಬಾಯಿಯಿಂದ ಊದಬಾರದು, ಪೆಟ್ರೋಲ್ ವಿಷ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ರಂಧ್ರ ಪೂರ್ತಿ ದುಂಡಗೆ ಕಾಣಬೇಕು. ಗುಂಡುಪಿನ್ನು, ಉಕ್ಕಿನ ತಂತಿ ಹಾಕಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಗಾಡಿ ಹೊಗೆ ಉಗುಳುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಅವಶ್ಯವಿದ್ದರೆ ಬ್ರಷ್ಷಿನ ನೈಲಾನ್ ಎಳೆಯನ್ನು ಬಳಸಬಹುದು. ಜೆಟ್ ಬದಲಿಸುವುದಾದರೆ ಅದರ ಮೇಲಿರುವ ನಂಬರಿನದನ್ನೇ ತರಬೇಕು.

ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿದ ನಂತರ ಪೆಟ್ರೋಲ್ ಕಾಕ್ ತೆರೆದು ಐದು ನಿಮಿಷ ಕಾಯಬೇಕು. ತೊಟ್ಟಿಕ್ಕದಿದ್ದರೆ ಮಾತ್ರ ಸ್ಟಾರ್ಟ್ ಮಾಡಬೇಕು. ಆಕ್ಸಿಲರೇಟರ್ ಬಿಟ್ಟಾಗ ಸ್ಲೈಡ್ ತಾನಾಗಿ ಕೆಳಗಿಳಿಯುವುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಅರ್ಧ ಕಟ್ಟಿದ ಜೆಟ್ ಹೆಚ್ಚು ಅಪಾಯ

ಪೂರ್ತಿ ಕಟ್ಟಿದ ಜೆಟ್‌ನಿಂದ ಗಾಡಿ ಓಡುವುದೇ ಇಲ್ಲ, ಆದ್ದರಿಂದ ನಷ್ಟವೂ ಇಲ್ಲ. ಅರ್ಧ ಕಟ್ಟಿದರೆ ಗಾಡಿ ಹೇಗೋ ಓಡುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಯಲ್ಲಿಯೇ ಬರಬೇಕು. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರ ನಿಂತು ಸವಾರ ಬೀಳಬಹುದು. ಆದ್ದರಿಂದ ಎಳೆತ ಕಡಿಮೆಯಾಗಿದ್ದು ಎಂಜಿನ್ ಅತಿಯಾಗಿ ಕಾಯುವ ಗಾಡಿಯನ್ನು, “ಓಡುತ್ತಾ ಸರಿಹೋದೀತು” ಎಂದು ಎಂದಿಗೂ ಓಡಿಸಬಾರದು.

ನಿಲ್ಲಿಸುವ ಮುನ್ನ

ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಬೇಕು. ಮಳೆಗಾಲವಿಡೀ ನಿಲ್ಲಿಸುವುದಾದರೆ ಟ್ಯಾಂಕನ್ನೂ ಖಾಲಿ ಮಾಡಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲಾ ಕಡೆ ತಗಲುವಂತೆ ತಿರುಗಿಸಿಡಬೇಕು. ಪೆಟ್ರೋಲಿನಿಂದ ನಡೆಯುವ ಪವರ್ ಸ್ಪ್ರೇಯರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ವರ್ಷದಲ್ಲಿ ಕೆಲವೇ ದಿನ ಬಳಸುವ ಆ ಯಂತ್ರವನ್ನು ಸಿಂಪರಣೆ ಮುಗಿದ ದಿನವೇ ಖಾಲಿ ಮಾಡಿಟ್ಟರೆ, ಮುಂದಿನ ಹಂಗಾಮಿನಲ್ಲಿ ಬೆಳೆಗೆ ಕೀಟ ಬಿದ್ದಾಗ ಮೆಕ್ಯಾನಿಕ್ಕನನ್ನು ಹುಡುಕಿ ಅಲೆಯುವುದು ತಪ್ಪುತ್ತದೆ.