ಕಂಟೇನರ್‌ಗಳ ಮೆಮೊರಿ ಕೊರತೆ: ಕಾರಣ ಮತ್ತು ಪರಿಹಾರ

ಕೊಡಿಗೇಹಳ್ಳಿಯಂತಹ ಬಡಾವಣೆಗಳಲ್ಲಿ ಮನೆಯಲ್ಲಿಯೇ ಕಚೇರಿ ಇಟ್ಟುಕೊಂಡಿರುವ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಒಂದು ಹಳೆಯ ಗಣಕಯಂತ್ರವೇ ಲಿನಕ್ಸ್ ಸರ್ವರ್ ಆಗಬಲ್ಲದು. ಲೆಕ್ಕಪತ್ರದ ಡೇಟಾಬೇಸ್, ಬಿಲ್ಲುಗಳ ಸಂಗ್ರಹ, ಕ್ಯಾಮೆರಾ ದೃಶ್ಯಗಳ ದಾಖಲೆ ಇವುಗಳನ್ನು ಡಾಕರ್ ತಂತ್ರಾಂಶದ ಮೂಲಕ ಪ್ರತ್ಯೇಕ ಕಂಟೇನರ್‌ಗಳಲ್ಲಿ ನಡೆಸಬಹುದು. ಆದರೆ ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖಿನ ಹೊತ್ತಿಗೆ ಡೇಟಾಬೇಸ್ ತಾನಾಗಿಯೇ ನಿಂತುಹೋದರೆ ವ್ಯವಹಾರಕ್ಕೆ ಧಕ್ಕೆಯಾಗುವುದು ನಿಶ್ಚಿತ.

ಕಾರಣವೇನು?

ಕಂಟೇನರ್‌ಗಳು ಬೇರೆ ಬೇರೆಯಾಗಿ ಕಂಡರೂ ಯಂತ್ರದ ಮೆಮೊರಿ ಒಂದೇ. ಹಲವು ವರ್ತಕರು ಹಂಚಿಕೊಂಡ ಗೋದಾಮಿನಲ್ಲಿ ಒಬ್ಬರು ಮಿತಿಯಿಲ್ಲದೆ ಸರಕು ತುಂಬಿದರೆ ಉಳಿದವರಿಗೆ ಜಾಗವಿರುವುದಿಲ್ಲ. ಮೆಮೊರಿ ಪೂರ್ಣ ಬರಿದಾದಾಗ ಲಿನಕ್ಸ್ ಕರ್ನೆಲ್, ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಪ್ರಕ್ರಿಯೆಯನ್ನು ಕೊನೆಗಾಣಿಸುತ್ತದೆ. ಕ್ಯಾಮೆರಾ ತಂತ್ರಾಂಶ ದಿನೇ ದಿನೇ ಬೆಳೆದಿದ್ದರೂ ಬಲಿಯಾಗುವುದು ಡೇಟಾಬೇಸ್ ಇರಬಹುದು. ಆದ್ದರಿಂದ ನಿಂತುಹೋದ ಕಂಟೇನರನ್ನೇ ದೋಷಿ ಎಂದು ತೀರ್ಮಾನಿಸಲಾಗದು.

ಇಂತಹ ಹಂಚಿಕೆಗೆ ಮಿತಿ ವಿಧಿಸುವ ಮೆಮೊರಿ ನಿಯಂತ್ರಕವು 2008ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 2.6.25ರಲ್ಲಿ ಸೇರ್ಪಡೆಯಾಯಿತು. ಐಬಿಎಂ ಸಂಸ್ಥೆಯ ಭಾರತೀಯ ಎಂಜಿನಿಯರ್ ಬಲಬೀರ್ ಸಿಂಗ್ ಅದರ ಪ್ರಮುಖ ರಚನಕಾರರಲ್ಲೊಬ್ಬರು. 2013ರಲ್ಲಿ ಬಂದ ಡಾಕರ್ ಕೂಡ ಇದೇ ಸೌಲಭ್ಯವನ್ನು ಬಳಸುತ್ತದೆ.

ಪತ್ತೆಹಚ್ಚುವ ಕ್ರಮ

1. ನಿಂತ ಕಂಟೇನರ್‌ನ ನಿರ್ಗಮನ ಸಂಖ್ಯೆಯನ್ನು ನೋಡಬೇಕು. 137 ಎಂದಿದ್ದರೆ ಅದನ್ನು ಬಲವಂತವಾಗಿ ನಿಲ್ಲಿಸಲಾಗಿದೆ ಎಂದರ್ಥ. ಮೆಮೊರಿ ಕೊರತೆ ಇದಕ್ಕೆ ಸಾಮಾನ್ಯ ಕಾರಣ.

2. ಖಚಿತಪಡಿಸಿಕೊಳ್ಳಲು ಕರ್ನೆಲ್ ದಾಖಲೆಯನ್ನು ಓದಬೇಕು. ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’ ಎಂದಿದ್ದರೆ ಕಂಟೇನರ್ ತನಗೆ ವಿಧಿಸಿದ ಮಿತಿಯನ್ನು ಮುಟ್ಟಿದೆ. ಬರಿಯ ‘ಔಟ್ ಆಫ್ ಮೆಮೊರಿ’ ಎಂದಿದ್ದರೆ ಇಡೀ ಯಂತ್ರದ ಮೆಮೊರಿಯೇ ಮುಗಿದಿದೆ.

3. ‘ಡಾಕರ್ ಸ್ಟ್ಯಾಟ್ಸ್’ ಆದೇಶವು ಪ್ರತಿ ಕಂಟೇನರ್‌ನ ಬಳಕೆಯನ್ನೂ ಮಿತಿಯನ್ನೂ ತೋರಿಸುತ್ತದೆ. ಮಿತಿಯ ಜಾಗದಲ್ಲಿ ಯಂತ್ರದ ಒಟ್ಟು ಮೆಮೊರಿಯೇ ಕಂಡರೆ ಯಾವ ಮಿತಿಯನ್ನೂ ವಿಧಿಸಿಲ್ಲವೆಂದು ತಿಳಿಯಬೇಕು.

4. ‘ಫ್ರೀ’ ಆದೇಶದಲ್ಲಿ ‘ಅವೈಲಬಲ್’ ಅಂಕಣವನ್ನು ಗಮನಿಸಬೇಕು. ಕಡತಗಳ ಕ್ಯಾಶ್ ಹಿಡಿದಿರುವ ಮೆಮೊರಿಯ ಬಹುಭಾಗವು ಅಗತ್ಯ ಬಿದ್ದಾಗ ಮರಳಿ ದೊರೆಯುವುದರಿಂದ ‘ಫ್ರೀ’ ಅಂಕಣದ ಸಣ್ಣ ಅಂಕಿಗೆ ಗಾಬರಿಯಾಗಬೇಕಿಲ್ಲ.

ಪರಿಹಾರ

ಪ್ರತಿ ಕಂಟೇನರ್‌ಗೂ ಮಿತಿ ನಿಗದಿಪಡಿಸುವುದೇ ಮೊದಲ ಕೆಲಸ. ಉದಾಹರಣೆಗೆ, 8 ಜಿಬಿ ಯಂತ್ರದಲ್ಲಿ 2 ಜಿಬಿಯನ್ನು ವ್ಯವಸ್ಥೆಗೇ ಬಿಟ್ಟು ಉಳಿದ 6 ಜಿಬಿಯನ್ನು ಹಂಚಬಹುದು. ಡೇಟಾಬೇಸ್‌ನ ಒಳಗಿನ ಬಫರ್ ಗಾತ್ರವು ಅದರ ಕಂಟೇನರ್‌ನ ಮಿತಿಗಿಂತ ಸಾಕಷ್ಟು ಕಡಿಮೆಯಿರಬೇಕು. ಹೀಗೆ ಮಾಡಿದಲ್ಲಿ ಒಂದು ಕಂಟೇನರ್ ಮಿತಿ ಮೀರಿದರೂ ತೊಂದರೆ ಅದರೊಳಗೇ ಉಳಿಯುತ್ತದೆ; ಲೆಕ್ಕಪತ್ರ ಸುರಕ್ಷಿತವಾಗಿರುತ್ತದೆ.

ಹೊಸ ಮೆಮೊರಿ ಖರೀದಿಸುವ ಮುನ್ನ ಒಂದು ವಾರದ ಬಳಕೆಯನ್ನು ಬರೆದಿಡುವುದು ಒಳಿತು. ಅಂಕಿಗಳು ಕೆಲಸದ ಹೊತ್ತಿನಲ್ಲಿ ಏರಿ ಮತ್ತೆ ಇಳಿಯುತ್ತಿದ್ದು, ಆ ಏರಿಕೆಗೇ ಮೆಮೊರಿ ಸಾಲದಿದ್ದರೆ ಖರೀದಿ ಸಾರ್ಥಕ. ಇಳಿಯದೆ ಏರುತ್ತಲೇ ಇದ್ದರೆ ತಂತ್ರಾಂಶದಲ್ಲಿಯೇ ಸೋರಿಕೆಯಿರುವ ಸಂಭವ ಹೆಚ್ಚು. ಆಗ ಅದರ ಹೊಸ ಆವೃತ್ತಿಯನ್ನು ಅಳವಡಿಸಬೇಕೇ ಹೊರತು, ಎಷ್ಟು ಮೆಮೊರಿ ಸೇರಿಸಿದರೂ ಕೊರತೆ ಕೆಲವು ದಿನ ಮುಂದೂಡಲ್ಪಡುತ್ತದೆಯಷ್ಟೆ.