ಚಾಕು ಸಂಗ್ರಾಹಕರ ಬಳಗಗಳು: ಗ್ರಾಹಕನ ಅರಿವೇ ಮಾರುಕಟ್ಟೆಯಾದ ಬಗೆ

ಹಳೆಯ ಸರಕಿಗೆ ಹೊಸದಕ್ಕಿಂತ ಕಡಿಮೆ ಬೆಲೆ ಎಂಬುದು ವ್ಯಾಪಾರದ ಸಾಮಾನ್ಯ ನಿಯಮ. ಈ ನಿಯಮಕ್ಕೆ ಹೊರತಾದ ಕೆಲವು ಸರಕುಗಳಲ್ಲಿ ಅಮೆರಿಕದ ಜೇಬುಚಾಕುವೂ ಒಂದು. ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಕಾರ್ಖಾನೆ ಹೊಂದಿರುವ, 1889ರಲ್ಲಿ ಸ್ಥಾಪನೆಯಾದ ಡಬ್ಲ್ಯು. ಆರ್. ಕೇಸ್ ಅಂಡ್ ಸನ್ಸ್ ಸಂಸ್ಥೆಯು 1960ರ ದಶಕದಲ್ಲಿ ರೈತರಿಗೂ ಕೂಲಿಕಾರರಿಗೂ ಕೆಲವೇ ಡಾಲರುಗಳಿಗೆ ಮಾರಿದ ಮಡಿಸುವ ಚಾಕು, ಬಳಕೆಯಾಗದೆ ಪೆಟ್ಟಿಗೆಯಲ್ಲೇ ಉಳಿದಿದ್ದರೆ, ಅದೇ ಸಂಸ್ಥೆಯ ಇಂದಿನ ಚಾಕುವಿಗಿಂತ ಹೆಚ್ಚಿನ ಬೆಲೆಗೆ ಎಷ್ಟೋ ಬಾರಿ ಕೈ ಬದಲಾಗುತ್ತದೆ. ಉಕ್ಕು ಹಳತಾದ ಮಾತ್ರಕ್ಕೆ ಉತ್ತಮವಾಗುವುದಿಲ್ಲ. ಅದಕ್ಕೆ ಬೆಲೆ ಬಂದಿರುವುದು ಕೊಳ್ಳುವವರು ಬಳಗ ಕಟ್ಟಿಕೊಂಡು, ಒಬ್ಬರಿಂದೊಬ್ಬರು ಕಲಿತು, ಬೆಳೆಸಿಕೊಂಡ ಅರಿವಿನಿಂದ. ಈ ಅರಿವು ಹೇಗೆ ಹುಟ್ಟುತ್ತದೆ, ಅದರಿಂದ ತಯಾರಕನಿಗೆ ದೊರೆಯುವ ಲಾಭವೇನು ಎಂಬುದು ಚಾಕುವಿನ ವ್ಯಾಪಾರದಲ್ಲಿ ಇಲ್ಲದವರಿಗೂ ಉಪಯುಕ್ತವಾದ ವಿಷಯ.

ಹತ್ತು ಚುಕ್ಕಿಗಳ ಕಥೆ

ಕೇಸ್ ಚಾಕುವಿನ ಅಲಗನ್ನು ಬಿಚ್ಚಿದರೆ, ಹಿಡಿಗೆ ಸೇರುವ ಬುಡದಲ್ಲಿ ಒಂದು ಸಣ್ಣ ಮೊಹರು ಕಾಣುತ್ತದೆ. 1964ರವರೆಗೆ ಅಲ್ಲಿ ಸಂಸ್ಥೆಯ ಹೆಸರು ಮತ್ತು ‘ಎಕ್ಸ್ ಎಕ್ಸ್’ ಎಂಬ ಗುರುತು ಮಾತ್ರ ಇರುತ್ತಿತ್ತು. 1965ರಿಂದ ‘ಯು.ಎಸ್.ಎ.’ ಎಂಬ ಅಕ್ಷರಗಳು ಸೇರಿದವು. 1970ರಲ್ಲಿ ಮೊಹರಿನ ಕೆಳಗೆ ಹತ್ತು ಚುಕ್ಕಿಗಳನ್ನು ಒತ್ತಲಾಯಿತು. ಬಳಿಕ ವರ್ಷಕ್ಕೊಂದರಂತೆ ಚುಕ್ಕಿಯನ್ನು ಕಡಿಮೆ ಮಾಡುತ್ತ ಬರಲಾಯಿತು. ಹೀಗಾಗಿ ಏಳು ಚುಕ್ಕಿಗಳಿದ್ದರೆ ಅದು 1973ರ ಚಾಕು, ಒಂದೇ ಚುಕ್ಕಿ ಇದ್ದರೆ 1979ರದು. 1980ರಲ್ಲಿ ಅಕ್ಷರದ ರೂಪ ಬದಲಿಸಿ ಹೊಸ ಸರಣಿಯನ್ನು ಆರಂಭಿಸಲಾಯಿತು.

ಚಾಕುವಿನ ಸಂಖ್ಯೆಯಲ್ಲೂ ಇಂಥದೇ ಕ್ರಮವಿದೆ. 6254 ಎಂಬ ಸಂಖ್ಯೆಯಲ್ಲಿ ಮೊದಲ ಅಂಕಿ ಹಿಡಿಯ ವಸ್ತುವನ್ನು ಸೂಚಿಸುತ್ತದೆ. ಆರು ಎಂದರೆ ಗೀರು ಹಾಕಿದ ಮೂಳೆ. ಎರಡನೆಯ ಅಂಕಿ ಅಲಗುಗಳ ಸಂಖ್ಯೆ. ಉಳಿದ 54 ಎಂಬುದು ‘ಟ್ರ್ಯಾಪರ್’ ಎಂಬ ಮಾದರಿಯ ಗುರುತು. ಇಷ್ಟನ್ನು ಕಲಿಯಲು ಹೊಸಬನಿಗೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯ ನಂತರ ಅವನು ಬರಿಯ ಗಿರಾಕಿಯಾಗಿ ಉಳಿಯುವುದಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಚಾಕುವಿನ ವರ್ಷವನ್ನು ತಾನೇ ಓದಬಲ್ಲ. ಹತ್ತು ಚುಕ್ಕಿಯಿಂದ ಒಂದು ಚುಕ್ಕಿಯವರೆಗಿನ ಹತ್ತನ್ನೂ ಕೂಡಿಸುವ ಆಸೆ ಅವನಲ್ಲಿ ಮೂಡುತ್ತದೆ. ಮೊಹರು ಒತ್ತುವ ಅಚ್ಚಿನಲ್ಲಿ ವರ್ಷಕ್ಕೊಂದು ಚುಕ್ಕಿಯನ್ನು ತೆಗೆಯಲು ತಗಲುವ ವೆಚ್ಚ ಅತ್ಯಲ್ಪ. ಅದು ಗಳಿಸಿಕೊಟ್ಟ ಗಿರಾಕಿಗಳು ಹಲವು ತಲೆಮಾರಿನವರು.

ಸಂಗ್ರಾಹಕರ ಸಂಘಟನೆ ಬಲಗೊಂಡದ್ದೂ ಇದೇ ದಶಕದಲ್ಲಿ. ಚಾಕುಗಳಿಗೇ ಮೀಸಲಾದ ‘ಅಮೆರಿಕನ್ ಬ್ಲೇಡ್’ ಪತ್ರಿಕೆ 1973ರಲ್ಲಿ ಹೊರಬಂದಿತು. ‘ಬ್ಲೇಡ್’ ಎಂದು ಮುಂದೆ ಹೆಸರಾದ ಪತ್ರಿಕೆ ಇದೇ. 1981ರಲ್ಲಿ ಕೇಸ್ ಸಂಸ್ಥೆ ತನ್ನ ಚಾಕುಗಳ ಸಂಗ್ರಾಹಕರಿಗಾಗಿ ಪ್ರತ್ಯೇಕ ಕ್ಲಬ್ಬನ್ನು ತೆರೆಯಿತು.

ನಡೆ ಮತ್ತು ನುಡಿ

ಬಳಗವು ಕಲಿಸುವ ವಿದ್ಯೆಯ ಬಹುಭಾಗ ಮೊಹರಿನಿಂದ ಆಚೆಗಿನದು. ಕೈಯಿಂದ ಕೈಗೆ ಹೋಗುವಂಥದು. ಮಡಿಸುವ ಚಾಕುವಿನ ಅಲಗು ತೆರೆಯುವಾಗಿನ ಸರಾಗ ಚಲನೆಯನ್ನೂ, ಪೂರ್ತಿ ತೆರೆದಾಗ ಅಥವಾ ಮುಚ್ಚಿದಾಗ ಸ್ಪ್ರಿಂಗು ಹೊಮ್ಮಿಸುವ ‘ಟಕ್’ ಸದ್ದನ್ನೂ ಸೇರಿಸಿ ಅಮೆರಿಕದ ಸಂಗ್ರಾಹಕರು ಚಾಕುವಿನ ‘ನಡೆ ಮತ್ತು ನುಡಿ’ ಎಂಬರ್ಥದ ಮಾತೊಂದನ್ನು ಬಳಸುತ್ತಾರೆ. ಕನ್ನಡಿಗರ ಕಿವಿಗೆ ಈ ಮಾತು ಹೊಸದಲ್ಲ. ನಡೆ ಸಡಿಲವಾಗಿದ್ದರೆ ಕೀಲು ಸವೆದಿದೆ ಎಂದರ್ಥ. ನುಡಿ ಕ್ಷೀಣವಾಗಿದ್ದರೆ ಸ್ಪ್ರಿಂಗಿನ ಹದ ಸರಿಯಿಲ್ಲ ಅಥವಾ ಒಳಗೆ ತುಕ್ಕು ಕೂತಿದೆ. ನೂರು ಚಾಕುಗಳನ್ನು ತೆರೆದು ಮುಚ್ಚಿದವನ ಪಕ್ಕದಲ್ಲಿ ನಿಂತು ಕಲಿಯಬೇಕಾದ ವಿದ್ಯೆ ಇದು, ಪುಸ್ತಕದಿಂದ ಬಾರದು.

ಹೊಸ ಸಂಗ್ರಾಹಕರು ಮಾಡುವ ದೊಡ್ಡ ತಪ್ಪು ಹಳೆಯ ಚಾಕುವನ್ನು ಉಜ್ಜಿ ಹೊಳೆಯಿಸುವುದು. ಪಾಲಿಶ್ ಚಕ್ರಕ್ಕೆ ಹಿಡಿದ ಅಲಗಿನ ಅಂಚುಗಳು ಉರುಟಾಗುತ್ತವೆ, ಮೊಹರು ಮಸುಕಾಗುತ್ತದೆ, ಕಾರ್ಖಾನೆಯ ಮೂಲ ಗೆರೆಗಳು ಅಳಿಸಿಹೋಗುತ್ತವೆ. ಹಣ ಕೊಟ್ಟು ಸ್ವಚ್ಛಗೊಳಿಸಿದ ಚಾಕು ಸ್ವಚ್ಛಗೊಳಿಸದ ಚಾಕುವಿಗಿಂತ ಅಗ್ಗವಾಗುತ್ತದೆ. ಒಮ್ಮೆ ಸಾಣೆ ಹಿಡಿದರೂ ‘ಬಳಕೆಯಾಗದ್ದು’ ಎಂಬ ಅತ್ಯುನ್ನತ ದರ್ಜೆ ತಪ್ಪಿಹೋಗುತ್ತದೆ. ಬಳಗದ ಹಿರಿಯರು ಮೊದಲ ಭೇಟಿಯಲ್ಲೇ ಈ ಎಚ್ಚರಿಕೆ ಕೊಡುವುದರಿಂದ ಎಷ್ಟೋ ಚಾಕುಗಳು ಉಳಿದಿವೆ.

ನಕಲಿಯ ಹಾವಳಿ ಈ ಕ್ಷೇತ್ರದಲ್ಲಿ ಬಹಳ. ಅಗ್ಗದ ಚಾಕುವಿನ ಹಳೆಯ ಗುರುತನ್ನು ಅರೆದು ತೆಗೆದು ಹೆಸರುವಾಸಿ ಸಂಸ್ಥೆಯ ಮೊಹರು ಒತ್ತುವುದು, ಮುರಿದ ಎರಡು ಚಾಕುಗಳ ಭಾಗಗಳನ್ನು ಸೇರಿಸಿ ಒಂದು ಮಾಡುವುದು, ಹೊಸ ಮೂಳೆಯ ಹಿಡಿಗೆ ಬಣ್ಣ ಹಾಕಿ ಹಳತೆನಿಸುವುದು ಸಾಮಾನ್ಯ ಉಪಾಯಗಳು. ಇವುಗಳನ್ನು ಪತ್ತೆಹಚ್ಚುವ ದಾರಿಯೂ ಬಳಗದೊಳಗೇ ಹುಟ್ಟಿದೆ. ಅರೆದ ಬುಡ ತೆಳುವಾಗಿ, ಪಕ್ಕದ ಭಾಗಕ್ಕೆ ಸಮವಾಗಿ ಕೂರುವುದಿಲ್ಲ. ಒಂದು ಮಾದರಿ ತಯಾರಾಗದ ವರ್ಷದ ಮೊಹರು ಅದರ ಮೇಲಿದ್ದರೆ ಬೇರೆ ಸಾಕ್ಷಿಯೇ ಬೇಕಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಬಳಗದ ತಜ್ಞ ಎಷ್ಟೋ ವೇಳೆ ಸ್ವತಃ ಮಾರಾಟಗಾರನೂ ಆಗಿರುತ್ತಾನೆ. ಅವನ ಅಭಿಪ್ರಾಯವನ್ನು ಅವನ ದಾಸ್ತಾನಿನಿಂದ ಬೇರ್ಪಡಿಸಿ ನೋಡಬೇಕು. ಸಂಗ್ರಹಕ್ಕೆಂದೇ ಹೊಳಪಿನ ಪೆಟ್ಟಿಗೆಯಲ್ಲಿಟ್ಟು ಸಾವಿರಗಟ್ಟಲೆ ತಯಾರಿಸಿದ ಸ್ಮರಣಾರ್ಥ ಚಾಕುಗಳಲ್ಲಿ ಬಹುಪಾಲು ಕೊಂಡವರ ನಿರೀಕ್ಷೆಯ ಬೆಲೆ ತಲುಪಲಿಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತು ಎಂದೂ ವಿರಳವಾಗುವುದಿಲ್ಲವಷ್ಟೆ.

ಗುಟ್ಟನ್ನು ಹಂಚಿದ ಕಮ್ಮಾರ

ಕೊಳ್ಳುವವರ ಬಳಗದ ಜೊತೆಗೇ ಮಾಡುವವರ ಬಳಗವೂ ಬೆಳೆಯಿತು. ಕೈಯಿಂದ ಚಾಕು ತಯಾರಿಸುವವರ ಸಂಘವೊಂದು 1970ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾಯಿತು. 1973ರಲ್ಲಿ ಅದರ ಪ್ರದರ್ಶನಕ್ಕೆ ಮೇರಿಲ್ಯಾಂಡಿನ ಕಮ್ಮಾರ ವಿಲಿಯಂ ಮೋರನ್ ಅಲೆಯಲೆಯಾದ ಗೆರೆಗಳುಳ್ಳ ‘ಡಮಾಸ್ಕಸ್’ ಅಲಗುಗಳನ್ನು ತಂದರು. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಜೋಡಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು, ಮಡಿಸಿ ಮತ್ತೆ ಬಡಿಯುವ ಈ ವಿದ್ಯೆ ಅಲ್ಲಿನ ಚಾಕು ತಯಾರಕರಲ್ಲಿ ಆಗ ಬಹುತೇಕ ಯಾರಿಗೂ ತಿಳಿದಿರಲಿಲ್ಲ. ಗುಟ್ಟನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರೆ ಕೆಲಕಾಲವಾದರೂ ಮೋರನ್‌ರಿಗೆ ಸ್ಪರ್ಧಿಗಳಿರುತ್ತಿರಲಿಲ್ಲ. ಅವರು ಮಾಡಿದ್ದು ಬೇರೆ. ತಯಾರಿಕೆಯ ಕ್ರಮವನ್ನು ವಿವರಿಸುವ ಕಿರುಪುಸ್ತಿಕೆಯನ್ನು ಅದೇ ಪ್ರದರ್ಶನದಲ್ಲಿ ಉಚಿತವಾಗಿ ಹಂಚಿದರು.

ವ್ಯಾಪಾರದ ದೃಷ್ಟಿಯಿಂದ ಇದು ದುಡುಕಿನಂತೆ ತೋರಬಹುದು. ಆದರೆ ಒಬ್ಬನೇ ಮಾಡುವ ವಸ್ತುವಿಗೆ ಬೆರಗುಗೊಳ್ಳುವವರು ಇರುತ್ತಾರೆ, ಮಾರುಕಟ್ಟೆ ಇರುವುದಿಲ್ಲ. ಹತ್ತಾರು ಕೈಗಳಲ್ಲಿ ಹೋಲಿಸಿ ನೋಡುವಂತಾದಾಗಲೇ ಯಾವುದು ಉತ್ತಮ ಎಂಬ ತಿಳಿವಳಿಕೆ ಕೊಳ್ಳುವವನಿಗೆ ಬರುತ್ತದೆ. 1976ರಲ್ಲಿ ಮೋರನ್ ಮುಂದಾಳಾಗಿ ಸ್ಥಾಪಿಸಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯು ಈ ತಿಳಿವಳಿಕೆಗೆ ಪರೀಕ್ಷೆಯ ರೂಪ ಕೊಟ್ಟಿತು. ಅಭ್ಯರ್ಥಿ ತಯಾರಿಸಿದ ಚಾಕು ಮೊದಲು ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಅನಂತರ ಮರದ ತುಂಡನ್ನು ಎರಡು ಬಾರಿ ಕಡಿದು ತುಂಡರಿಸಬೇಕು. ಅಷ್ಟಾದ ಮೇಲೂ ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತ ಉಳಿದಿರಬೇಕು. ಕಡೆಗೆ ಅದೇ ಅಲಗನ್ನು ಇಕ್ಕಳಕ್ಕೆ ಸಿಕ್ಕಿಸಿ 90 ಡಿಗ್ರಿಯವರೆಗೆ ಬಾಗಿಸಿದಾಗ ಅದು ಎರಡು ತುಂಡಾಗಬಾರದು.

ಉಕ್ಕಿನ ಕೆಲಸ ಬಲ್ಲವರಿಗೆ ಈ ಅನುಕ್ರಮದ ಜಾಣ್ಮೆ ಕೂಡಲೇ ಅರ್ಥವಾಗುತ್ತದೆ. ಗಡಸು ಹೆಚ್ಚಿದಷ್ಟೂ ಹರಿತ ಬಾಳುತ್ತದೆ, ಆದರೆ ಅಲಗು ಗಾಜಿನಂತೆ ಒಡೆಯುವ ಅಪಾಯವೂ ಹೆಚ್ಚುತ್ತದೆ. ಮೆತ್ತಗಾದರೆ ಬಾಗುತ್ತದೆ, ಹರಿತ ನಿಲ್ಲುವುದಿಲ್ಲ. ಅಂಚು ಗಡಸಾಗಿ ಬೆನ್ನು ಮೆತ್ತಗಿರುವಂತೆ ಹದ ಕೊಟ್ಟವನು ಮಾತ್ರ ನಾಲ್ಕನ್ನೂ ದಾಟುತ್ತಾನೆ. ಮುಂದಿನ ‘ಮಾಸ್ಟರ್ ಸ್ಮಿತ್’ ದರ್ಜೆಗೆ ಸ್ವತಃ ಬೆಸೆದ ಕನಿಷ್ಠ 300 ಪದರಗಳ ಅಲಗು ಬೇಕು. ಈ ದರ್ಜೆಗಳ ಗುರುತು ಅಲಗಿನ ಮೇಲೆ ಇದ್ದರೆ, ಚಾಕುವನ್ನು ಬಾಗಿಸಿ ನೋಡಲಾಗದ ಗಿರಾಕಿಯೂ ನಂಬಿಕೆಯಿಂದ ಹಣ ಕೊಡುತ್ತಾನೆ.

ಸಂಗ್ರಾಹಕರ ಅನುಭವವನ್ನು ನೇರವಾಗಿ ಬಳಸಿಕೊಂಡ ಕಾರ್ಖಾನೆಗಳೂ ಇವೆ. ಕೊಲೊರಾಡೊ ರಾಜ್ಯದ ಸ್ಪೈಡರ್ಕೊ ಸಂಸ್ಥೆ ಒಂದೇ ಆಕಾರದ ಅಲಗನ್ನು ಬೇರೆಬೇರೆ ಉಕ್ಕುಗಳಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಹಿಡಿಯ ಪಟ್ಟಿಗಳನ್ನು ಹಾಕದೆಯೇ ಮಾರುತ್ತದೆ. ಆಕಾರ ಒಂದೇ ಆದ್ದರಿಂದ ಕಂಡುಬರುವ ವ್ಯತ್ಯಾಸ ಉಕ್ಕಿನದು ಮತ್ತು ಅದರ ಹದದ್ದು. ಆಸಕ್ತರು ತಾವೇ ಹಿಡಿ ಕೂರಿಸಿಕೊಂಡು ಪರೀಕ್ಷಿಸಿ ಪರಸ್ಪರ ಚರ್ಚಿಸುತ್ತಾರೆ. ಪರೀಕ್ಷೆಗೆ ಕಾರ್ಖಾನೆ ಹಣ ತೆರುವ ಬದಲು, ಪರೀಕ್ಷಿಸುವವರೇ ಕಾರ್ಖಾನೆಗೆ ಹಣ ಕೊಡುವ ಏರ್ಪಾಡಿದು.

ಕರ್ನಾಟಕದೊಡನೆ ನಂಟು

‘ಡಮಾಸ್ಕಸ್’ ಎಂಬ ಹೆಸರಿನಲ್ಲಿ ಎರಡು ಬೇರೆ ಉಕ್ಕುಗಳಿವೆ ಎಂಬುದು ಸಂಗ್ರಾಹಕರು ಕಲಿಯಬೇಕಾದ ಇನ್ನೊಂದು ಮುಖ್ಯ ಪಾಠ. ಮೋರನ್‌ರದು ಪದರ ಬೆಸೆದ ಉಕ್ಕು. ಪ್ರಾಚೀನ ಪರ್ಷಿಯಾದ ಖ್ಯಾತ ಖಡ್ಗಗಳದು ಮೂಸೆಯಲ್ಲಿ ಕರಗಿಸಿದ ದಕ್ಷಿಣ ಭಾರತದ ಉಕ್ಕು. ಅದನ್ನು ಯೂರೋಪಿನವರು ‘ವೂಟ್ಜ್’ ಎಂದರು. ಈ ಪದ ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದಿರಬೇಕೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕುಟುಂಬಗಳೊಳಗೇ ಉಳಿದಿದ್ದ ಈ ವಿದ್ಯೆ ಹತ್ತೊಂಬತ್ತನೆಯ ಶತಮಾನದಲ್ಲಿ ನಶಿಸಿತು. ಅದನ್ನು ಮತ್ತೆ ಸಾಧಿಸಲು ಫ್ಲಾರಿಡಾದ ಕುದುರೆ ಲಾಳಗಾರ ಹಾಗೂ ಚಾಕು ತಯಾರಕ ಆಲ್ಫ್ರೆಡ್ ಪೆಂಡ್ರೆ ಅವರು ಅಯೋವಾ ವಿಶ್ವವಿದ್ಯಾಲಯವೊಂದರ ಲೋಹವಿಜ್ಞಾನಿ ಜಾನ್ ವರ್‌ಹೋವನ್‌ರ ಜೊತೆಗೂಡಿ ಹಲವು ವರ್ಷ ದುಡಿದರು. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ವನೇಡಿಯಂನಂಥ ಧಾತುಗಳೇ ಆ ಗೆರೆಗಳಿಗೆ ಕಾರಣವೆಂದು ಅವರು 1998ರಲ್ಲಿ ಪ್ರಕಟಿಸಿದರು. ಅಂಥ ಅದಿರಿನ ಮೂಲ ಬದಲಾದಾಗ ಹಳೆಯ ಕ್ರಮವೇ ಫಲ ಕೊಡದೆ ಹೋಗಿರಬಹುದೆಂಬುದು ಅವರ ಊಹೆ. ಕೆಲಸ ಬಲ್ಲ ಕೈಗಳಿಗೇ ಕಾರಣ ತಿಳಿಯದಿದ್ದರೆ ಒಂದು ಉದ್ಯಮ ಹೇಗೆ ಕಣ್ಮರೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಕರ್ನಾಟಕದ ಕುಲುಮೆಗಳಲ್ಲಿ ಇಂದಿಗೂ ತಯಾರಾಗುವ ಕತ್ತಿ, ಮಚ್ಚು, ಕುಡುಗೋಲುಗಳಲ್ಲಿ ಎಷ್ಟೋ ಉತ್ತಮ ಕೆಲಸವಿದೆ. ಕೊಡಗಿನ ಪೀಚೆಕತ್ತಿಯನ್ನು ನೋಡಿದವರು ಅದರ ಸೊಬಗನ್ನು ಮರೆಯಲಾರರು. ಆದರೆ ಇಂಥ ಬಹುಪಾಲು ವಸ್ತುಗಳ ಮೇಲೆ ಮಾಡಿದವನ ಹೆಸರಿಲ್ಲ, ವರ್ಷವಿಲ್ಲ, ಬಳಸಿದ ಉಕ್ಕಿನ ವಿವರವಿಲ್ಲ. ಇಪ್ಪತ್ತು ವರ್ಷ ಬಾಳಿದ ಕತ್ತಿಯ ಯಜಮಾನ ಅಂಥದೇ ಇನ್ನೊಂದನ್ನು ಕೊಳ್ಳಬಯಸಿದರೆ ಯಾರನ್ನು ಹುಡುಕಬೇಕು? ಹೆಸರಿನ ಒಂದು ಅಚ್ಚು, ವರ್ಷದ ಎರಡು ಅಂಕಿ, ಯಾವ ಉಕ್ಕಿನಲ್ಲಿ ಎಷ್ಟು ಮಾಡಲಾಯಿತೆಂದು ಬರೆದಿಡುವ ಒಂದು ಪುಸ್ತಕ ಇಷ್ಟೇ ಇದಕ್ಕೆ ಬೇಕಾದ ಬಂಡವಾಳ.

ಈ ದಾರಿ ಹಿಡಿಯುವವರು ಕಾನೂನನ್ನೂ ತಿಳಿದಿರಬೇಕು. ಆಯುಧಗಳ ಕಾಯಿದೆ 1959ರ ಅಡಿಯ ನಿಯಮಗಳ ಪ್ರಕಾರ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳು ಆಯುಧಗಳ ವರ್ಗಕ್ಕೆ ಸೇರುತ್ತವೆ. ಗೃಹಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಉದ್ದೇಶಕ್ಕೆ ರೂಪಿಸಿದವುಗಳಿಗೆ ವಿನಾಯಿತಿ ಇದೆ. ಖಡ್ಗ, ಬಾಕುಗಳು ಪ್ರತ್ಯೇಕವಾಗಿ ಹೆಸರಿಸಲ್ಪಟ್ಟಿವೆ. ನೂರು ವರ್ಷ ದಾಟಿದ ಹಳೆಯ ಕಲಾತ್ಮಕ ಅಲಗುಗಳು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಖಾಸಗಿಯವರು ಅಂಥವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಹಿಡಿಯ ವಿಷಯದಲ್ಲೂ ಜಾಗ್ರತೆ ಬೇಕು. ಕಡವೆಯ ಕೊಂಬು ಒಂದು ಕಾಲದಲ್ಲಿ ಭಾರತದಿಂದ ಶೆಫೀಲ್ಡಿನ ಹಾಗೂ ಅಮೆರಿಕದ ಚಾಕು ಕಾರ್ಖಾನೆಗಳಿಗೆ ಹೋಗುತ್ತಿತ್ತು. 1990ರ ದಶಕದ ಕೊನೆಯ ವೇಳೆಗೆ ಆ ರಫ್ತು ನಿಂತಿತು. ದನದ ಮೂಳೆ, ಬೀಟೆ, ಹಿತ್ತಾಳೆ ಇವುಗಳಿಂದಲೇ ಚೆಲುವಾದ ಹಿಡಿ ಮಾಡಬಹುದು. ಬೀಟೆಯನ್ನು ರಫ್ತು ಮಾಡುವ ಮುನ್ನ ಮಾತ್ರ ಅರಣ್ಯ ಇಲಾಖೆಯ ಮತ್ತು ವಿದೇಶ ವ್ಯಾಪಾರ ಕಚೇರಿಯ ಚಾಲ್ತಿ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಕ್ಷೇಮ.